ಪ್ರೌಢಶಾಲೆಯ ಭೌತಶಾಸ್ತ್ರ: ಪ್ರಯೋಗ ಮತ್ತು ಪುನರಾವರ್ತನೆ ಒಂದೇ ದಿನದಲ್ಲಿ

ಎಸ್ಸೆಸ್ಸೆಲ್ಸಿ ವಿಜ್ಞಾನ ವಿಷಯದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಾದರೋ 70 ಅಂಕ ಲಿಖಿತ, 30 ಅಂಕ ಪ್ರಾಯೋಗಿಕ. ಹತ್ತನೆಯ ತರಗತಿಯವರೆಗೆ ಉಪಕರಣಗಳನ್ನು ದೂರದಿಂದಲೇ ನೋಡಿದ ವಿದ್ಯಾರ್ಥಿ ಎರಡೇ ವರ್ಷಗಳಲ್ಲಿ ಪರೀಕ್ಷಕರ ಎದುರು ಅವುಗಳನ್ನು ಕೈಯಾರೆ ಜೋಡಿಸಬೇಕಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಕಡೂರು, ಮಲೆನಾಡಿನ ಅಂಚಿನ ತರೀಕೆರೆ ಹಾಗೂ ಅದರಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದ ಗ್ರಾಮೀಣ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಪರೀಕ್ಷೆ ಹತ್ತಿರವಾದಂತೆ ಪ್ರಯೋಗಾಲಯಕ್ಕೆ ಬೀಗ ಹಾಕಿ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವುದು ಸಾಮಾನ್ಯ ರೂಢಿ. ಇದು ಸಮಯದ ಉಳಿತಾಯವೆಂದು ತೋರಿದರೂ ವಾಸ್ತವವಾಗಿ ನಷ್ಟವೇ ಸರಿ. ಹತ್ತನೆಯ ತರಗತಿಯ ಭೌತಶಾಸ್ತ್ರ ಭಾಗವು ಮುಖ್ಯವಾಗಿ ಬೆಳಕು, ಮಾನವನ ಕಣ್ಣು, ವಿದ್ಯುಚ್ಛಕ್ತಿ ಮತ್ತು ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳನ್ನು ಒಳಗೊಂಡಿದೆ. ಇವುಗಳಲ್ಲಿ ಬಹುಪಾಲನ್ನು ಮೇಜಿನ ಮೇಲೆ ಮಾಡಿ ನೋಡಬಹುದು.

ಬೆಳಗಿನ ಅವಧಿಗೆ ಓಮ್‌ನ ನಿಯಮ ಸೂಕ್ತ. ಪಠ್ಯಪುಸ್ತಕದ ಚಟುವಟಿಕೆಗೆ ಬೇಕಾದುದು ಅರ್ಧ ಮೀಟರ್ ಉದ್ದದ ನಿಕ್ರೋಮ್ ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್ ಮತ್ತು ತಲಾ 1.5 ವೋಲ್ಟ್‌ನ ನಾಲ್ಕು ಕೋಶಗಳು ಮಾತ್ರ. ಕೋಶಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಅಳತೆಗಳನ್ನು ಬರೆದುಕೊಂಡು ನಕ್ಷೆ ಎಳೆದರೆ ಮೂಲಬಿಂದುವಿನ ಮೂಲಕ ಹಾಯುವ ಸರಳರೇಖೆ ದೊರೆಯುತ್ತದೆ. ಅಮ್ಮೀಟರನ್ನು ಸರಣಿಯಲ್ಲಿಯೂ ವೋಲ್ಟ್‌ಮೀಟರನ್ನು ಸಮಾಂತರವಾಗಿಯೂ ಜೋಡಿಸಬೇಕೆಂಬುದು ಒಮ್ಮೆ ಕೈಯಿಂದ ಮಾಡಿದವರಿಗೆ ಮರೆಯದು. ಮಂಡಲದ ಚಿತ್ರ ಬರೆಯುವಾಗಲೂ ಅವರು ತಪ್ಪುವುದಿಲ್ಲ. ಅಳತೆ ಮುಗಿದೊಡನೆ ಪ್ಲಗ್ ಕೀಲಿಯನ್ನು ತೆಗೆಯಬೇಕು. ಪ್ರವಾಹ ಹರಿಯುತ್ತಲೇ ಇದ್ದರೆ ತಂತಿ ಬಿಸಿಯಾಗಿ ರೋಧ ಬದಲಾಗುತ್ತದೆ, ಕೋಶಗಳೂ ಬೇಗನೆ ಸೋರುತ್ತವೆ.

ನಿಮ್ನ ದರ್ಪಣದ ಸಂಗಮ ದೂರ ಕಂಡುಹಿಡಿಯಲು ಉಪಕರಣವೇ ಬೇಡವೆನ್ನಬಹುದು. ಕಿಟಕಿಯಾಚೆಯ ದೂರದ ತೆಂಗಿನ ಮರವೊಂದರ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡಿಸಿ, ದರ್ಪಣದಿಂದ ಹಾಳೆಗಿರುವ ಅಂತರವನ್ನು ಅಳೆದರೆ ಸಾಕು. ಆದರೆ ಸೂರ್ಯನನ್ನಾಗಲಿ, ದರ್ಪಣದಲ್ಲಿ ಕಾಣುವ ಅದರ ಬಿಂಬವನ್ನಾಗಲಿ ಯಾರೂ ನೋಡಕೂಡದು.

ಪುನರಾವರ್ತನೆ ಇದೇ ಅಳತೆಯಿಂದ ಆರಂಭವಾಗುವುದು ಲೇಸು. ಅಳತೆಪಟ್ಟಿ 15 ಸೆಂ.ಮೀ. ತೋರಿಸುತ್ತದೆ, ಚಿಹ್ನೆಗಳ ನಿಯಮದಂತೆ ಲೆಕ್ಕದಲ್ಲಿ ಅದನ್ನು −15 ಎಂದು ಬರೆಯಬೇಕು. ವಸ್ತುವನ್ನು 30 ಸೆಂ.ಮೀ. ದೂರದಲ್ಲಿಟ್ಟರೆ ದರ್ಪಣ ಸೂತ್ರದ ಪ್ರಕಾರ ಬಿಂಬವೂ ದರ್ಪಣದ ಮುಂದೆ 30 ಸೆಂ.ಮೀ. ದೂರದಲ್ಲಿಯೇ, ಅಷ್ಟೇ ಗಾತ್ರದ್ದಾಗಿ, ತಲೆಕೆಳಗಾಗಿ ಮೂಡುತ್ತದೆ. ಮೊದಲು ಲೆಕ್ಕ ಮಾಡಿಸಿ, ಬಳಿಕ ಮೋಂಬತ್ತಿ ಹಚ್ಚಿ ನೋಡಿದರೆ ಅಂಕ ಕಳೆಯುವ ಋಣಚಿಹ್ನೆಯ ಗೊಂದಲ ತಾನಾಗಿ ತಿಳಿಯಾಗುತ್ತದೆ.

ಕಾಂತೀಯ ಪರಿಣಾಮಗಳಿಗೆ ಉದಾಹರಣೆ ಹುಡುಕಿ ಅಲೆಯಬೇಕಿಲ್ಲ. ಅಡಿಕೆ, ತೆಂಗಿನ ತೋಟಗಳ ಕೊಳವೆಬಾವಿಗಳ ಪಂಪ್‌ಸೆಟ್ ಮೋಟಾರು ಈ ಭಾಗದ ಮಕ್ಕಳಿಗೆ ಪಾಠಕ್ಕಿಂತ ಮುಂಚೆಯೇ ಪರಿಚಿತ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಗರಿಷ್ಠ 186 ಅಡಿ ಮಟ್ಟದ ಭದ್ರಾ ಜಲಾಶಯದ ಬಳಿ ಜಲವಿದ್ಯುತ್ ಉತ್ಪಾದನೆಯೂ ಇದೆ. ವಿದ್ಯುತ್ತಿನಿಂದ ಚಲನೆ, ಚಲನೆಯಿಂದ ವಿದ್ಯುತ್ತು ಎಂಬ ಎರಡೂ ಮುಖಗಳು ಕೆಲವೇ ಮೈಲಿಗಳ ಅಂತರದಲ್ಲಿ ಲಭ್ಯ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಸಿದ್ಧತೆಯೂ ಅಗತ್ಯ. ಪಿಯುಸಿ ವಿಜ್ಞಾನವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬೋಧಿಸುವುದರಿಂದ ಇಂದಿನ ‘ವಿಭವಾಂತರ’ ನಾಳೆ ‘ಪೊಟೆನ್ಷಿಯಲ್ ಡಿಫರೆನ್ಸ್’, ‘ಸಂಗಮ ದೂರ’ ನಾಳೆ ‘ಫೋಕಲ್ ಲೆಂಗ್ತ್’ ಆಗುತ್ತದೆ. ಉಪಕರಣ ಕೈಯಲ್ಲಿರುವಾಗಲೇ ಎರಡೂ ಹೆಸರುಗಳನ್ನು ಹೇಳಿಸಿ, ಪ್ರಯೋಗದ ದಾಖಲೆ ಪುಸ್ತಕದಲ್ಲಿ ಅಕ್ಕಪಕ್ಕ ಬರೆಸುವ ಶಿಕ್ಷಕರಿದ್ದಾರೆ. ಇದಕ್ಕೆ ಪ್ರತ್ಯೇಕ ಪಿರಿಯಡ್ ಬೇಕಾಗುವುದಿಲ್ಲ.