ಚಂದ್ರವಳ್ಳಿಯ ಮೂರು ಸಾಲು ಮತ್ತು ಇತಿಹಾಸದ ಪದವಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಶಾಸನ ನೋಡಲು ಹೋದಾಗ ಕಲ್ಲಿನ ಸುತ್ತ ಸೇರುವವರಲ್ಲಿ ಪಿಯುಸಿ ಮುಗಿಸಿದವರು ಒಬ್ಬರಾದರೂ ಇರುತ್ತಾರೆ. "ಸಾರ್, ಡಿಗ್ರಿಗೆ ಹಿಸ್ಟರಿ ತಗೊಂಡ್ರೆ ಏನಾದ್ರೂ ಉಪಯೋಗ ಇದೆಯಾ?" ಅಂತ ಕೇಳುತ್ತಾರೆ. ನಾನು ಓದಿದ್ದು ಎಂಜಿನಿಯರಿಂಗ್. ಬ್ರಾಹ್ಮಿ, ಹಳಗನ್ನಡ ಲಿಪಿಗಳನ್ನು ಭಾನುವಾರಗಳಲ್ಲಿ ನಾನೇ ಕಲಿತೆ. ಆ ಪದವಿ ಏನು ಕೊಡುತ್ತೆ ಅನ್ನೋದು ಅದಿಲ್ಲದವನಿಗೇ ಹೆಚ್ಚು ಗೊತ್ತಾಗೋದು. ನನ್ನ ಉತ್ತರಕ್ಕೆ ಚಂದ್ರವಳ್ಳಿಯ ಶಾಸನ ಸಾಕು.

ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಮೂರು ಸಾಲುಗಳಿವೆ. ಕದಂಬ ಮಯೂರಶರ್ಮ ಕೆರೆ ಮಾಡಿಸಿದ ಅನ್ನೋದು ಅದರ ಮುಖ್ಯ ಮಾತು. 1929ರಲ್ಲಿ ಇದನ್ನು ಓದಿದವರು ಎಂ. ಎಚ್. ಕೃಷ್ಣ. ಆಗ ಅವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರು, ಜೊತೆಗೆ ಇತಿಹಾಸದ ಮೇಷ್ಟ್ರು ಕೂಡ. ಕೆರೆಯ ಮಾತಿನ ಮುಂದೆ ಅವರಿಗೆ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಎಂಬ ಹೆಸರುಗಳು ಕಂಡವು. ಇವರನ್ನೆಲ್ಲ ಗೆದ್ದವನು ಮಯೂರಶರ್ಮ ಎಂಬ ಅರ್ಥ ಅಲ್ಲಿಂದ ಹೊರಟು ಪಠ್ಯಪುಸ್ತಕ, ಭಾಷಣ, ಈಗ ವಾಟ್ಸಾಪ್ ತನಕ ಬಂದಿದೆ. ಆದರೆ ಆಮೇಲಿನ ಶಾಸನತಜ್ಞರು ಈ ಓದನ್ನು ಅನುಮಾನಿಸಿದರು; ಬೇರೆ ಓದುಗಳೂ ಬಂದವು.

ಅಕ್ಷರ ಸವೆದಿದೆ ಅನ್ನೋದು ಜಗಳದ ಅರ್ಧ ಭಾಗ. ಆ ಅರ್ಧಕ್ಕೆ ನನ್ನಂಥವರು ಉಪಯೋಗಕ್ಕೆ ಬರ್ತೀವಿ: ಪಡಿಯಚ್ಚು ತೆಗೀತೀವಿ, ಓರೆಬೆಳಕು ಬಿಟ್ಟು ಫೋಟೊ ಹಿಡೀತೀವಿ, ಸ್ಕ್ಯಾನ್ ಮಾಡ್ತೀವಿ. ಉಳಿದರ್ಧಕ್ಕೆ ಕಲ್ಲು ಬಿಟ್ಟು ಆಚೆ ಹೋಗಬೇಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಲ್ಲಿ ಕುಬ್ಜ ಕವಿ ಬರೆದ ಸಂಸ್ಕೃತ ಶಾಸನವಿದೆ, ಮಯೂರನ ವಂಶದವರೇ ಹಾಕಿಸಿದ್ದು. ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲ ಅಲ್ಲಿದೆ. (ಕಾಲೇಜು ಅರ್ಧಕ್ಕೆ ಬಿಟ್ಟವರಿಗೆ ಇಷ್ಟು ದೊಡ್ಡ ಪೂರ್ವಿಕ ಇನ್ನೊಬ್ಬ ಇರಲಾರ.) ಶ್ರೀಪರ್ವತದ ಕಾಡು, ಬೃಹದ್ಬಾಣರಿಂದ ಕಪ್ಪ, ಕೊನೆಗೆ ಪಲ್ಲವರಿಂದ ಪಡುಗಡಲಿನಿಂದ ಪ್ರೇಹರದವರೆಗಿನ ನಾಡು ಸಿಕ್ಕಿದ್ದು, ಇದೂ ಅಲ್ಲಿದೆ. ಮೌಖರಿಗಳಿಲ್ಲ, ಶಕಸ್ಥಾನವಿಲ್ಲ. ಹೊಗಳಲೆಂದೇ ಬರೆದ ಕವಿ ಅಂಥ ಗೆಲುವನ್ನು ಬಿಟ್ಟಾನೆಯೇ?

ಈ ಪ್ರಶ್ನೆ ಸ್ಕ್ಯಾನರಿಗೆ ಹೊಳೆಯಲ್ಲ. ಯಾರು, ಯಾವಾಗ, ಯಾರಿಗಾಗಿ ಬರೆಸಿದರು ಅಂತ ಒಂದು ಆಕರವನ್ನು ಇನ್ನೊಂದರ ಎದುರು ನಿಲ್ಲಿಸೋದು ಇತಿಹಾಸದ ಕ್ಲಾಸಿನ ಕಸುಬು. ಪಕ್ಕದ ಮಣ್ಣನ್ನೂ ಕೇಳಬೇಕು: 1947ರಲ್ಲಿ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲಿ ಅಗೆದರು. ಇಲ್ಲಿ ಸಿಕ್ಕ ಶಾತವಾಹನ, ರೋಮನ್ ನಾಣ್ಯಗಳು ಮಯೂರನಿಗಿಂತ ಮೊದಲೇ ಇದು ವ್ಯಾಪಾರದ ಊರಾಗಿತ್ತು ಅಂತ ಹೇಳುತ್ತವೆ. ಕೆರೆ ಬೇಕಾದದ್ದು ಬರೀ ಕಾಡಿಗಲ್ಲ.

ಇನ್ನು ಮೇಜರ್ರೋ ಮೈನರ್ರೋ ಅನ್ನೋ ಲೆಕ್ಕ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಬಂದ ಆ ಪದಗಳು ನಮ್ಮ ಕಾಲೇಜುಗಳಲ್ಲಿ ಒಗ್ಗುವ ಮೊದಲೇ, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೆಸರು ಏನೇ ಇರಲಿ, ಇತಿಹಾಸದ ಪಕ್ಕದಲ್ಲಿ ಯಾವ ವಿಷಯ ಕೂತಿದೆ ಅನ್ನೋದೇ ಮುಖ್ಯ. ಶಾಸನದ ಆಸೆ ಇದ್ದರೆ ಕನ್ನಡ ಇಲ್ಲವೇ ಸಂಸ್ಕೃತ ಇರಲೇಬೇಕು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ಭಾಷೆ ಬಾರದವರಿಗೆ ಅಲ್ಲಿ ಕೆಲಸವಿಲ್ಲ. ಬರೀ ಬಿ.ಎ. ಹಿಸ್ಟರಿ ನಂಬಿ ನೌಕರಿ ಸಿಗುತ್ತೆ ಅಂತ ನಾನು ಯಾರಿಗೂ ಹೇಳೋದಿಲ್ಲ. ಬಿ.ಇಡಿ., ಎಂ.ಎ., ಕೆಪಿಎಸ್‌ಸಿ ಅಂತ ಮುಂದಿನ ದಾರಿ ಉದ್ದ ಇದೆ.

ಬೇಸರವಾಗೋದು ಬೇರೆ ಕಾರಣಕ್ಕೆ. ಮೂರು ವರ್ಷ ಕದಂಬರ ನೋಟ್ಸ್ ಬರೆದು ಒಮ್ಮೆಯೂ ಚಂದ್ರವಳ್ಳಿಗೆ ಹೋಗದವರು ದುರ್ಗದಲ್ಲೇ ಸಿಗುತ್ತಾರೆ. ಅತ್ತ ನಿಧಿ ಆಸೆಗೆ ಕಲ್ಲು ಕೀಳುವವರು ಯಾವ ಸೆಮಿಸ್ಟರಿಗೂ ಕಾಯೋದಿಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಹನ್ನೊಂದನೇ ಸಂಪುಟ, 1903ರದು, ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನು ಹಿಡಿದು ಹೊರಟರೆ ಕೆಲವು ಕಲ್ಲು ಹೇಳಿದ ಜಾಗದಲ್ಲಿ ಇರೋದಿಲ್ಲ. ಇತಿಹಾಸ ತಗೊಂಡವರು ಹೊಳಲ್ಕೆರೆಯದೋ ಹಿರಿಯೂರಿನದೋ ಒಂದು ಹೋಬಳಿ ಆರಿಸಿಕೊಂಡು, ಪುಸ್ತಕದಲ್ಲಿರುವುದರಲ್ಲಿ ಎಷ್ಟು ಇನ್ನೂ ನಿಂತಿವೆ, ಎಷ್ಟು ಹಟ್ಟಿಯ ಮೆಟ್ಟಿಲಾಗಿವೆ ಅಂತ ಪಟ್ಟಿ ಮಾಡಿದರೆ ಅದೇ ಪ್ರಾಜೆಕ್ಟ್. ಪಡಿಯಚ್ಚು ತೆಗೆಯೋದನ್ನ ನಾನು ಕಲಿಸ್ತೀನಿ. ಓದಿದ್ದು ಸರಿಯೋ ತಪ್ಪೋ ಅಂತ ಕೂತು ವಾದಿಸೋಕೆ ಮಾತ್ರ ಆ ಕ್ಲಾಸಿನಿಂದ ಬಂದವರೇ ಬೇಕು.