ಜಪಾನಿನ ಹಗ್ಗದ ತೂಗುಕಟ್ಟು: ದಂಡನೆಯಿಂದ ಸಮ್ಮತಿಗೆ

ಮನುಷ್ಯದೇಹವನ್ನು ಹಗ್ಗದಿಂದ ಕಟ್ಟಿ ಮೇಲಕ್ಕೆ ತೂಗಿಸುವ ಪದ್ಧತಿಯು ಜಪಾನಿನ ಇತಿಹಾಸದಲ್ಲಿ ಎರಡು ಸಂದರ್ಭಗಳಲ್ಲಿ ಕಾಣಬರುತ್ತದೆ. ಒಂದು, ವಿಚಾರಣೆಯ ಅಂಗವಾಗಿದ್ದ ಚಿತ್ರಹಿಂಸೆ. ಮತ್ತೊಂದು, ವಯಸ್ಕರು ಪರಸ್ಪರ ಸಮ್ಮತಿಯಿಂದ ಶೃಂಗಾರಕ್ಕಾಗಿಯೋ ಕಲೆಗಾಗಿಯೋ ಕೈಕೊಳ್ಳುವ 'ಕಿನ್‌ಬಾಕು'. ಮೊದಲನೆಯದೇ ನೇರವಾಗಿ ಎರಡನೆಯದಾಗಿ ಪರಿಣಮಿಸಿತೆಂಬ ಮಾತುಂಟು. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಎದೋ ಯುಗದಲ್ಲಿ (1603–1868) ಸೆರೆಯಾಳುಗಳನ್ನು ಕಟ್ಟುವುದು 'ಹೋಜೋಜುತ್ಸು' ಎಂಬ ಪ್ರತ್ಯೇಕ ವಿದ್ಯೆಯಾಗಿತ್ತು. ಆ ಕಾಲದ ನ್ಯಾಯಪದ್ಧತಿಯಲ್ಲಿ ಆರೋಪಿಯ ತಪ್ಪೊಪ್ಪಿಗೆಗೆ ವಿಶೇಷ ಪ್ರಾಧಾನ್ಯವಿದ್ದಿತು. ಅದನ್ನು ಪಡೆಯಲು ಚಾವಟಿಯೇಟು, ತೊಡೆಯ ಮೇಲೆ ಕಲ್ಲು ಹೇರುವುದು, ಮೈಯನ್ನು ಸಿಗಡಿಯಂತೆ ಬಾಗಿಸಿ ಕಟ್ಟುವುದು, ಕೊನೆಯದಾಗಿ ಕೈಗಳನ್ನು ಹಿಂದಕ್ಕೆ ಕಟ್ಟಿ ತೂಗಿಸುವ 'ತ್ಸುರಿಜೆಮೆ', ಹೀಗೆ ನಾಲ್ಕು ವಿಧಾನಗಳು ರೂಢಿಯಲ್ಲಿದ್ದವು. ಮೇಜಿ ಸರಕಾರವು 1879ರಲ್ಲಿ ಚಿತ್ರಹಿಂಸೆಯನ್ನು ಶಾಸನರೀತ್ಯಾ ರದ್ದುಗೊಳಿಸಿತು.

ಸೆರೆಮನೆಯಲ್ಲಿ ನಿಂತುಹೋದ ಈ ದೃಶ್ಯವು ಕಾಬುಕಿ ರಂಗಭೂಮಿಯಲ್ಲಿಯೂ ಮರದಚ್ಚಿನ ಚಿತ್ರಗಳಲ್ಲಿಯೂ ಉಳಿಯಿತು. ತ್ಸುಕಿಯೋಕಾ ಯೋಶಿತೋಶಿಯು 1885ರಲ್ಲಿ ರಚಿಸಿದ ಚಿತ್ರವೊಂದರಲ್ಲಿ ಗರ್ಭಿಣಿಯೊಬ್ಬಳನ್ನು ತಲೆಕೆಳಗಾಗಿ ತೂಗಿಸಲಾಗಿದೆ. ಇಂಥ ಚಿತ್ರಗಳಿಂದಲೂ ನಾಟಕಗಳಿಂದಲೂ ಪ್ರೇರಿತನಾದ ಚಿತ್ರಕಾರ ಇತೋ ಸೇಯು (1882–1961) ರೂಪದರ್ಶಿಗಳನ್ನು ಕಟ್ಟಿ ಚಿತ್ರಿಸಿದನು, ಛಾಯಾಚಿತ್ರಗಳನ್ನೂ ತೆಗೆಯಿಸಿದನು. ಮಹಾಯುದ್ಧಾನಂತರ, 1947ರಲ್ಲಿ ಹೊರಟ 'ಕಿತಾನ್ ಕ್ಲಬ್' ಪತ್ರಿಕೆಯು ಮುಂದಿನ ದಶಕದಲ್ಲಿ ಈ ಅಭಿರುಚಿಯ ಓದುಗರನ್ನು ಒಂದುಗೂಡಿಸಿತು. ಆದುದರಿಂದ ಇಂದಿನ ಪದ್ಧತಿಯು ಸೆರೆಮನೆಯಿಂದ ನೇರವಾಗಿ ಬಂದುದಲ್ಲ. ರಂಗಭೂಮಿ, ಚಿತ್ರಪಟ, ಪತ್ರಿಕೆಗಳ ಮೂಲಕ ಹಾದುಬಂದುದೆಂದು ಹೇಳುವುದೇ ಯುಕ್ತ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಛಾಯಾಚಿತ್ರವು ಭಂಗಿಗೆ ಸಾಕ್ಷಿಯೇ ಹೊರತು ಸಮ್ಮತಿಗೆ ಸಾಕ್ಷಿಯಲ್ಲ.

ಇಂದು ಬಳಸುವುದು ಸಾಮಾನ್ಯವಾಗಿ ಸುಮಾರು 6 ಮಿಲಿಮೀಟರ್ ದಪ್ಪದ ಸೆಣಬಿನ ಹಗ್ಗ. ಭಾರವು ಒಂದೇ ಎಳೆಯ ಮೇಲೆ ಬೀಳದಂತೆ ಎದೆ, ಸೊಂಟ, ತೊಡೆಗಳಿಗೆ ಹಲವು ಸುತ್ತುಗಳಲ್ಲಿ ಹಂಚುತ್ತಾರೆ. ಆದರೂ ಅಪಾಯವು ತಪ್ಪಿದ್ದಲ್ಲ. ತೋಳಿನ ಮೇಲ್ಭಾಗದಲ್ಲಿ ಎಲುಬನ್ನು ಬಳಸಿ ಹೋಗುವ ನರವು ಹಗ್ಗದ ಒತ್ತಡಕ್ಕೆ ಸಿಕ್ಕಿದರೆ ಮಣಿಕಟ್ಟು ಜೋಲುಬಿದ್ದು ಕೈ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿರುಪಯುಕ್ತವಾಗಬಹುದು. ಈ ಕಾರಣದಿಂದ ಕಟ್ಟಿದವರನ್ನು ಒಂಟಿಯಾಗಿ ಬಿಡಬಾರದು, ಹಗ್ಗ ಕತ್ತರಿಸುವ ಸಾಧನವು ಕೈಗೆಟುಕುವಂತಿರಬೇಕು, ಬೆರಳುಗಳ ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಆಗಾಗ ವಿಚಾರಿಸಬೇಕು ಎಂಬ ನಿಯಮಗಳು ಬೆಳೆದುಬಂದಿವೆ. ಅಪಾಯವನ್ನರಿಯದೆ ಕೊಟ್ಟ ಒಪ್ಪಿಗೆಯು ಪೂರ್ಣವಾದ ಒಪ್ಪಿಗೆಯೆನಿಸದು.

ಹಿಂದಕ್ಕೆ ಕಟ್ಟಿದ ಕೈ, ಮೇಲಕ್ಕೆಳೆದ ಹಗ್ಗ, ಎರಡೂ ಕಡೆ ಒಂದೇ. ಬೇರೆಯಾದುದು ಕಟ್ಟಿಸಿಕೊಂಡವರ ಮಾತಿನ ಬೆಲೆ. ಅಂದು ಆ ಮಾತನ್ನು ಹಿಂಸೆಯಿಂದ ಹೊರಡಿಸುತ್ತಿದ್ದರು. ತಪ್ಪೊಪ್ಪಿಗೆಯಲ್ಲದ ಮಾತಿಗೆ ಬೆಲೆಯಿರಲಿಲ್ಲ. ಇಂದು ಅವರು 'ಸಾಕು' ಎಂದ ಕೂಡಲೆ ಕೆಳಗಿಳಿಸುವುದು ಕರ್ತವ್ಯ. ಇಳಿಸದಿದ್ದರೆ ಅದು ಮತ್ತೆ ಹಿಂಸೆಯೇ. ರೂಪಸಾಮ್ಯವನ್ನು ಕಂಡು ಅರ್ಥಸಾಮ್ಯವನ್ನು ಊಹಿಸುವುದು ಇತಿಹಾಸದ ವಿದ್ಯಾರ್ಥಿಗೆ ತರವಲ್ಲವೆಂಬುದೇ ನಮ್ಮ ಅಭಿಪ್ರಾಯ.