ಪ್ರತಿಭೆ

ಪ್ರತಿಭೆ ಎಂಬುದು ಮನುಷ್ಯನಲ್ಲಿ ಸಹಜವಾಗಿ ಇರುವ ವಿಶೇಷ ಸಾಮರ್ಥ್ಯವನ್ನು ಸೂಚಿಸುವ ಪದ. ಇದು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದವಾಗಿದ್ದು, 'ಪ್ರತಿ' ಎಂಬ ಉಪಸರ್ಗ ಮತ್ತು 'ಹೊಳೆ' ಎಂಬ ಅರ್ಥದ 'ಭಾ' ಧಾತುವಿನಿಂದ ನಿಷ್ಪನ್ನವಾಗಿದೆ. ಮನಸ್ಸಿಗೆ ತಟ್ಟನೆ ಹೊಳೆಯುವುದು ಎಂಬುದು ಇದರ ಮೂಲಾರ್ಥ. ವ್ಯಾಕರಣ, ದರ್ಶನ ಮತ್ತು ಕಾವ್ಯಮೀಮಾಂಸೆಗಳಲ್ಲಿ ಇದು ಪಾರಿಭಾಷಿಕ ಪದವಾಗಿ ಬಳಕೆಯಾಗಿದೆ. ಪ್ರತಿಭೆಯು ಹುಟ್ಟಿನಿಂದ ಬರುವುದೋ, ಅಭ್ಯಾಸದಿಂದ ಪಡೆಯಬಹುದಾದುದೋ ಎಂಬುದು ಈ ಎಲ್ಲ ಕ್ಷೇತ್ರಗಳಲ್ಲಿಯೂ ಚರ್ಚೆಗೆ ಒಳಗಾಗಿರುವ ಪ್ರಶ್ನೆ.

ಕನ್ನಡದ ಸಮೀಪಾರ್ಥಕ ಪದಗಳು

ಸಾಮರ್ಥ್ಯವನ್ನು ಸೂಚಿಸುವ ಹಲವು ಪದಗಳು ಕನ್ನಡದಲ್ಲಿವೆ. ಅವುಗಳ ಅರ್ಥಛಾಯೆಗಳು ಒಂದೇ ಅಲ್ಲ.

ಬಲ್ಮೆ: 'ಬಲ್' ಎಂಬ ಧಾತುವಿನಿಂದ ಬಂದುದು. ಈ ಧಾತುವಿಗೆ ಅರಿವು ಮತ್ತು ಸಾಮರ್ಥ್ಯ ಎಂಬ ಎರಡೂ ಅರ್ಥಗಳಿವೆ. 'ಅವನು ಸಂಗೀತ ಬಲ್ಲ' ಎಂಬಲ್ಲಿ ತಿಳಿವಳಿಕೆಯೂ 'ಅವನು ಈಜಬಲ್ಲ' ಎಂಬಲ್ಲಿ ಶಕ್ತಿಯೂ ಸೂಚಿತವಾಗುತ್ತವೆ.

ಆರ್ಪು: ಶಕ್ತನಾಗು ಎಂಬ ಅರ್ಥದ 'ಆರ್' ಧಾತುವಿನಿಂದ ಬಂದ ಹಳಗನ್ನಡ ಪದ. ಹೊಸಗನ್ನಡದಲ್ಲಿ ಈ ಧಾತು 'ಹೇಳಲಾರೆ', 'ಮಾಡಲಾರದು' ಮುಂತಾದ ನಿಷೇಧ ರೂಪಗಳಲ್ಲಿ ಮಾತ್ರ ಉಳಿದಿದೆ.

ಜಾಣ್ಮೆ: 'ಜಾಣ' ಎಂಬುದು 'ತಿಳಿ' ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಪ್ರಾಕೃತದ ಮೂಲಕ ಬಂದ ತದ್ಭವ. ಅದಕ್ಕೆ ಕನ್ನಡದ 'ಮೆ' ಪ್ರತ್ಯಯ ಸೇರಿದೆ.

ಕುಶಲ, ಪ್ರವೀಣ: ಕೈಗೆ ಗಾಯವಾಗದಂತೆ ಕುಶದ ಹುಲ್ಲನ್ನು ಕತ್ತರಿಸಿ ತರುವವನು ಕುಶಲ, ವೀಣೆಯನ್ನು ಚೆನ್ನಾಗಿ ನುಡಿಸುವವನು ಪ್ರವೀಣ ಎಂಬುದು ಸಾಂಪ್ರದಾಯಿಕ ವ್ಯುತ್ಪತ್ತಿ. ಒಂದು ಕೆಲಸದ ಹೆಸರು ಎಲ್ಲ ಬಗೆಯ ನಿಪುಣತೆಗೂ ವಿಸ್ತರಿಸಿದ್ದಕ್ಕೆ ಆಲಂಕಾರಿಕರು ಇವನ್ನು ಉದಾಹರಿಸುತ್ತಾರೆ.

ಕೈಚಳಕ, ಕೈಗುಣ: ಕೈಚಳಕವು ಅಭ್ಯಾಸದಿಂದ ಬಂದ ವೇಗ ಹಾಗೂ ನಯವನ್ನು ಸೂಚಿಸಿದರೆ, ಕೈಗುಣವು ವೈದ್ಯರಲ್ಲಿ ಅಥವಾ ಅಡುಗೆಯವರಲ್ಲಿ ಕಾಣುವ, ಕಲಿಸಲಾಗದು ಎಂದು ಜನರು ನಂಬುವ ಗುಣವನ್ನು ಹೇಳುತ್ತದೆ.

ಗಾದೆಗಳಲ್ಲಿಯೂ ಎರಡು ನಿಲುವುಗಳು ಕಾಣಸಿಗುತ್ತವೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬುದು ಹುಟ್ಟುಗುಣವನ್ನು ಎತ್ತಿಹಿಡಿದರೆ, 'ಹಾಡುತ್ತಾ ಹಾಡುತ್ತಾ ರಾಗ' ಎಂಬುದು ಸತತ ಅಭ್ಯಾಸವನ್ನು ಎತ್ತಿಹಿಡಿಯುತ್ತದೆ.

ವ್ಯಾಕರಣ ದರ್ಶನದಲ್ಲಿ

ಭರ್ತೃಹರಿಯು 'ವಾಕ್ಯಪದೀಯ'ದ ಎರಡನೆಯ ಕಾಂಡದಲ್ಲಿ ಪ್ರತಿಭೆಯನ್ನು ವಾಕ್ಯಾರ್ಥದೊಂದಿಗೆ ಸಮೀಕರಿಸುತ್ತಾನೆ. ಬಿಡಿ ಪದಗಳ ಅರ್ಥಗಳಿಗಿಂತ ಭಿನ್ನವಾಗಿ, ವಾಕ್ಯದ ಅರ್ಥವು ಕೇಳುಗನಿಗೆ ಅಖಂಡವಾಗಿ ಹೊಳೆಯುತ್ತದೆ. ಆ ಹೊಳಹೇ ಪ್ರತಿಭೆ. ಈ ಶಕ್ತಿಯು ಮನುಷ್ಯರಿಗೆ ಮಾತ್ರ ಸೀಮಿತವಲ್ಲ ಎಂಬುದು ಅವನ ನಿಲುವು. ವಸಂತದಲ್ಲಿ ಕೋಗಿಲೆಯ ದನಿ ಬದಲಾಗುವುದನ್ನೂ ಜೀವಿಗಳು ಯಾರೂ ಕಲಿಸದೆಯೇ ಗೂಡು ಕಟ್ಟುವುದನ್ನೂ ಅವನು ನಿದರ್ಶನವಾಗಿ ನೀಡುತ್ತಾನೆ. ಪ್ರತಿಭೆಗೆ ಆರು ಮೂಲಗಳನ್ನು ಹೇಳುವಾಗ ಅವನು ಸ್ವಭಾವದ ಜೊತೆಯಲ್ಲಿ ಅಭ್ಯಾಸವನ್ನೂ ಸೇರಿಸಿದ್ದಾನೆ.

ಕಾವ್ಯಮೀಮಾಂಸೆಯಲ್ಲಿ

ಕಾವ್ಯರಚನೆಗೆ ಕಾರಣವಾದವುಗಳನ್ನು ಆಲಂಕಾರಿಕರು 'ಕಾವ್ಯಹೇತು' ಎಂದು ಕರೆದರು. ಪ್ರತಿಭೆ, ವ್ಯುತ್ಪತ್ತಿ (ಪಾಂಡಿತ್ಯ) ಮತ್ತು ಅಭ್ಯಾಸ ಇವು ಮೂರು ಮುಖ್ಯ ಹೇತುಗಳು. ಇವುಗಳಿಗೆ ಕೊಡಬೇಕಾದ ಪ್ರಾಶಸ್ತ್ಯದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು.

ಗುರುವಿನ ಉಪದೇಶದಿಂದ ಮಂದಬುದ್ಧಿಯೂ ಶಾಸ್ತ್ರವನ್ನು ಕಲಿಯಬಹುದು, ಆದರೆ ಕಾವ್ಯವು ಪ್ರತಿಭೆಯುಳ್ಳವನಿಗೆ ಮಾತ್ರ ಒಲಿಯುತ್ತದೆ ಎಂದು ಭಾಮಹನು ಹೇಳಿದ್ದಾನೆ. ದಂಡಿಯು 'ಕಾವ್ಯಾದರ್ಶ'ದಲ್ಲಿ ನೈಸರ್ಗಿಕ ಪ್ರತಿಭೆಯನ್ನು ಒಪ್ಪಿದರೂ, ಅದಿಲ್ಲದವನೂ ಅಧ್ಯಯನ ಮತ್ತು ಪರಿಶ್ರಮಗಳಿಂದ ಸರಸ್ವತಿಯ ಅನುಗ್ರಹವನ್ನು ಒಂದಿಷ್ಟಾದರೂ ಪಡೆಯಬಲ್ಲನು ಎಂದು ಭರವಸೆ ನೀಡುತ್ತಾನೆ. ವಾಮನನ ಪ್ರಕಾರ ಪ್ರತಿಭೆಯು ಕವಿತ್ವದ ಬೀಜ, ಜನ್ಮಾಂತರದಿಂದ ಬಂದ ಸಂಸ್ಕಾರ. ಅದಿಲ್ಲದೆ ರಚಿಸಿದ ಕಾವ್ಯ ನಗೆಪಾಟಲಾಗುತ್ತದೆ. ರುದ್ರಟನು ಇದನ್ನು ಶಕ್ತಿ ಎಂದು ಕರೆದು, ಸಹಜ ಮತ್ತು ಉತ್ಪಾದ್ಯ ಎಂದು ಎರಡಾಗಿ ವಿಂಗಡಿಸಿದ್ದಾನೆ.

ಸುಮಾರು 10ನೆಯ ಶತಮಾನದ ಆರಂಭದಲ್ಲಿದ್ದ ರಾಜಶೇಖರನು 'ಕಾವ್ಯಮೀಮಾಂಸಾ' ಗ್ರಂಥದಲ್ಲಿ ಕವಿಯಲ್ಲಿರುವ ಸೃಷ್ಟಿಶಕ್ತಿಯನ್ನು ಕಾರಯಿತ್ರೀ ಪ್ರತಿಭೆ ಎಂದೂ ಸಹೃದಯನಲ್ಲಿರುವ ಗ್ರಹಣಶಕ್ತಿಯನ್ನು ಭಾವಯಿತ್ರೀ ಪ್ರತಿಭೆ ಎಂದೂ ಕರೆದನು. ಓದುಗನಿಗೂ ಪ್ರತಿಭೆ ಬೇಕು ಎಂಬುದನ್ನು ಈ ವಿಭಾಗವು ಸ್ಪಷ್ಟಪಡಿಸಿತು. ಕಣ್ಣಿಗೆ ಕಾಣದುದನ್ನೂ ಪ್ರತಿಭೆಯು ತೋರಿಸುತ್ತದೆ ಎಂಬುದಕ್ಕೆ ಅವನು ಹುಟ್ಟುಕುರುಡರೆಂದು ಪ್ರತೀತಿ ಇದ್ದ ಮೇಧಾವಿರುದ್ರ, ಕುಮಾರದಾಸ ಮುಂತಾದ ಕವಿಗಳನ್ನು ಹೆಸರಿಸುತ್ತಾನೆ. ಕವಿತ್ವದ ಸಂಸ್ಕಾರವು ಆತ್ಮಕ್ಕೆ ಸೇರಿದುದಾದ್ದರಿಂದ ಅದಕ್ಕೆ ಸ್ತ್ರೀಪುರುಷ ಭೇದವಿಲ್ಲ, ಪುರುಷರಂತೆ ಸ್ತ್ರೀಯರೂ ಕವಿಗಳಾಗಬಲ್ಲರು ಎಂದೂ ಪ್ರತಿಪಾದಿಸಿದ್ದಾನೆ.

ಹೊಸಹೊಸದಾಗಿ ಅರಳುವ ಪ್ರಜ್ಞೆಯೇ ಪ್ರತಿಭೆ ಎಂಬ ಪ್ರಸಿದ್ಧ ಲಕ್ಷಣವನ್ನು ಭಟ್ಟತೌತನು ನೀಡಿದನು. ಅವನ ಶಿಷ್ಯ ಅಭಿನವಗುಪ್ತನು ಇದನ್ನು ಅಪೂರ್ವ ವಸ್ತುವನ್ನು ನಿರ್ಮಿಸಬಲ್ಲ ಪ್ರಜ್ಞೆ ಎಂದು ವಿವರಿಸಿದನು. 11ನೆಯ ಶತಮಾನದ ಮಮ್ಮಟನು ಶಕ್ತಿ, ನಿಪುಣತೆ ಮತ್ತು ಅಭ್ಯಾಸಗಳು ಮೂರು ಬೇರೆ ಹೇತುಗಳಲ್ಲ, ಒಟ್ಟಾಗಿ ಒಂದೇ ಹೇತು ಎಂದು ಸಮನ್ವಯಗೊಳಿಸಿದನು. 17ನೆಯ ಶತಮಾನದ ಜಗನ್ನಾಥ ಪಂಡಿತನು ಪ್ರತಿಭೆಯೊಂದೇ ಹೇತು ಎಂದನಾದರೂ, ಆ ಪ್ರತಿಭೆಯು ಕೆಲವರಲ್ಲಿ ಅದೃಷ್ಟದಿಂದಲೂ ಕೆಲವರಲ್ಲಿ ವ್ಯುತ್ಪತ್ತಿ ಮತ್ತು ಅಭ್ಯಾಸಗಳಿಂದಲೂ ಹುಟ್ಟಬಹುದೆಂದು ಒಪ್ಪಿಕೊಂಡನು.

ಕನ್ನಡದಲ್ಲಿ

9ನೆಯ ಶತಮಾನದ 'ಕವಿರಾಜಮಾರ್ಗ'ವು ಬಹುಮಟ್ಟಿಗೆ ದಂಡಿಯನ್ನು ಅನುಸರಿಸಿದ ಗ್ರಂಥ. ಆದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ವರ್ಣಿಸುವಾಗ, ಅವರು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತಿಯುಳ್ಳವರು ಎಂದು ಹೇಳುತ್ತದೆ. ತಂತಮ್ಮ ನುಡಿಯಲ್ಲಿ ಎಲ್ಲರೂ ಜಾಣರೇ ಎಂದು ಹೇಳುತ್ತಾ, ಚಿಕ್ಕ ಮಕ್ಕಳನ್ನೂ ಮೂಕರನ್ನೂ ಆ ಮಾತಿನೊಳಗೆ ಸೇರಿಸುತ್ತದೆ. ಸಹಜ ಸಾಮರ್ಥ್ಯವನ್ನು ಒಬ್ಬ ಕವಿಗೆ ಸೀಮಿತಗೊಳಿಸದೆ ಇಡೀ ಜನಸಮುದಾಯಕ್ಕೆ ಅನ್ವಯಿಸಿರುವುದು ಇಲ್ಲಿನ ವಿಶೇಷ. ಆಧುನಿಕ ಕಾಲದಲ್ಲಿ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯು ಈ ಪರಿಕಲ್ಪನೆಗಳನ್ನು ಕನ್ನಡ ಓದುಗರಿಗೆ ವಿಸ್ತಾರವಾಗಿ ಪರಿಚಯಿಸಿತು.

ಪಾಶ್ಚಾತ್ಯ ಪದಗಳು ಮತ್ತು ಆಧುನಿಕ ಚಿಂತನೆ

ಇಂದು ಕನ್ನಡದಲ್ಲಿಯೂ ಬಳಕೆಯಲ್ಲಿರುವ 'ಟ್ಯಾಲೆಂಟ್' ಪದದ ಮೂಲವು ತೂಕ ಮತ್ತು ಹಣದ ಪ್ರಮಾಣವನ್ನು ಸೂಚಿಸುತ್ತಿದ್ದ ಗ್ರೀಕಿನ 'ತಾಲಂತೋನ್'. ಒಡೆಯನು ತನ್ನ ಸೇವಕರಿಗೆ ಹಣ ಒಪ್ಪಿಸಿ ಹೋಗುವ ಮತ್ತಾಯನ ಸುವಾರ್ತೆಯ ಸಾಮತಿಯಿಂದಾಗಿ ಈ ಪದಕ್ಕೆ ದೈವದತ್ತ ಸಾಮರ್ಥ್ಯ ಎಂಬ ಅರ್ಥ ಬಂತು. 'ಜೀನಿಯಸ್' ಪದವು ಲ್ಯಾಟಿನ್‌ನಲ್ಲಿ ಮೊದಲು ವ್ಯಕ್ತಿಯ ರಕ್ಷಕ ದೇವತೆಯನ್ನು ಸೂಚಿಸುತ್ತಿತ್ತು.

1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪ್ರತಿಭೆಯು ವಂಶಪಾರಂಪರ್ಯವಾಗಿ ಬರುತ್ತದೆ ಎಂದು ವಾದಿಸಿದನು. ಆದರೆ ಪ್ರತಿಷ್ಠಿತ ಮನೆತನಗಳ ಮಕ್ಕಳಿಗೆ ದೊರೆಯುತ್ತಿದ್ದ ಅವಕಾಶಗಳನ್ನು ಅವನು ಸರಿಯಾಗಿ ಪರಿಗಣಿಸಲಿಲ್ಲ ಎಂಬ ಟೀಕೆ ಇದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದು, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿಶಕ್ತಿಯು ಬದಲಾಗದ ಪ್ರಮಾಣ ಎಂಬ ಅಭಿಪ್ರಾಯವನ್ನು ಬಿನೆ ಒಪ್ಪಿರಲಿಲ್ಲ. 1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಭಾಷೆ, ಗಣಿತ, ಸಂಗೀತ, ದೇಹಚಲನೆ ಮೊದಲಾದ ಏಳು ಬಗೆಯ ಬುದ್ಧಿಶಕ್ತಿಗಳನ್ನು ಪ್ರತಿಪಾದಿಸಿದರು. ಶಿಕ್ಷಣ ಕ್ಷೇತ್ರದಲ್ಲಿ ಈ ಸಿದ್ಧಾಂತ ಜನಪ್ರಿಯವಾದರೂ, ಅದಕ್ಕೆ ಪ್ರಾಯೋಗಿಕ ಆಧಾರ ಸಾಲದು ಎಂದು ಹಲವು ಮನೋವಿಜ್ಞಾನಿಗಳು ಆಕ್ಷೇಪಿಸಿದ್ದಾರೆ.

ಇಂದಿನ ಬಳಕೆ

ಪ್ರತಿಭಾವಂತ, ಪ್ರತಿಭಾನ್ವೇಷಣೆ, ಪ್ರತಿಭಾ ಪುರಸ್ಕಾರ, ಪ್ರತಿಭಾ ಪಲಾಯನ ಮುಂತಾದ ಸಮಾಸಗಳು ಆಡಳಿತ ಮತ್ತು ಪತ್ರಿಕೆಗಳ ಭಾಷೆಯಲ್ಲಿ ರೂಢಿಯಲ್ಲಿವೆ. ಕರ್ನಾಟಕದ ಶಾಲಾ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ನಡೆಸುವ ಸಾಂಸ್ಕೃತಿಕ ಸ್ಪರ್ಧೆಗಳಿಗೆ 'ಪ್ರತಿಭಾ ಕಾರಂಜಿ' ಎಂಬ ಹೆಸರಿದೆ. ಪ್ರತಿಭಾ ಪುರಸ್ಕಾರಗಳಲ್ಲಿ ಹೆಚ್ಚಾಗಿ ಪರೀಕ್ಷೆಯ ಅಂಕಗಳೇ ಮಾನದಂಡವಾಗಿರುವುದರಿಂದ, ಹೊಸದನ್ನು ಕಾಣುವ ಶಕ್ತಿ ಎಂಬ ಹಳೆಯ ಅರ್ಥದ ಜೊತೆಗೆ 'ಹೆಚ್ಚು ಅಂಕ ಪಡೆದವನ ಅರ್ಹತೆ' ಎಂಬ ಅರ್ಥವೂ ಈ ಪದಕ್ಕೆ ಸೇರಿಕೊಂಡಿದೆ.